ದಂಡ ಕಟ್ಟಲು ರೊಕ್ಕ ಇಲ್ಲ ಅಂದ್ರೆ ಜೈಲೇನಾ?

ಹುಬ್ಬಳ್ಳಿ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವವಳು ನಾನು. ಉಚಿತ ಕಾನೂನು ನೆರವಿನ ಪ್ಯಾನೆಲ್‌ನಲ್ಲೂ ಇದ್ದೇನೆ, ಹಾಗಾಗಿ ಜೈಲಿನ ಗೇಟೂ ಹೊಸದಲ್ಲ. ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಭಾಗ ದಂಡದ ಮೇಲೆಯೇ ಇವೆ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿದ್ದಾರೆ, ಹಾಕಿಲ್ಲ.

ಪ್ರಶ್ನೆ: ವಕೀಲಕ್ಕಾರಿಗೆ ನಮಸ್ಕಾರ. ನನ್ನ ತಮ್ಮ ಧಾರವಾಡ ಜೈಲಿನಲ್ಲಿದ್ದಾನೆ. 2019ರಲ್ಲಿ ಹೊಲದ ಬದುವಿನ ಸಲುವಾಗಿ ದಾಯಾದಿಗಳ ಜೊತೆ ಜಗಳವಾಗಿ, ಇವನ ಕುಡಗೋಲಿನಿಂದ ಒಬ್ಬರ ಕೈಗೆ ಏಟು ಬಿತ್ತು. ಗದಗ ಕೋರ್ಟಿನಲ್ಲಿ ಮೂರು ವರ್ಷ ಸಜೆ, 20,000 ರೂಪಾಯಿ ದಂಡ, ದಂಡ ಕಟ್ಟದಿದ್ದರೆ ಮತ್ತೆ ಆರು ತಿಂಗಳು ಎಂದಾಯಿತು. ಮೂರು ವರ್ಷ ಮುಗಿದು ಒಂದು ತಿಂಗಳಾಗಿದೆ. ದಂಡ ಕಟ್ಟಿಲ್ಲ ಅಂತ ಬಿಟ್ಟಿಲ್ಲ. ನಮ್ಮ ಹತ್ತಿರ ಈಗ 10,000 ಇದೆ. ಅರ್ಧ ಕಟ್ಟಿದರೆ ಲೆಕ್ಕಕ್ಕೆ ಬರಲ್ಲ, ಪೂರ್ತಿ ಕೂಡಿಸಿಕೊಂಡೇ ಬನ್ನಿ ಅಂತ ಒಬ್ಬರು ಹೇಳಿದರು. ಬಡ್ಡಿಗೆ ತರಬೇಕಾ? ಕೇಸು ನಡೆಯುವಾಗ ಜಾಮೀನು ಸಿಗದೆ ನಾಲ್ಕು ತಿಂಗಳು ಒಳಗಿದ್ದ. ಅದನ್ನು ಇದಕ್ಕೆ ಹಿಡಿಯಲ್ವಾ? ಆರು ತಿಂಗಳು ಕಳೆದು ಬಂದರೂ ದಂಡ ಹಾಗೇ ಉಳಿಯುತ್ತೆ, ಉತಾರದಲ್ಲಿ (ಹೊಲದ ಪಹಣಿಯಲ್ಲಿ) ಬೋಜಾ, ಅಂದರೆ ಬಾಕಿ, ಕೂಡಿಸ್ತಾರೆ ಅಂತ ಊರಲ್ಲಿ ಹೆದರಿಸ್ತಿದ್ದಾರೆ.
— ಮುಂಡರಗಿ ತಾಲ್ಲೂಕಿನ ಓದುಗರು

ಉತ್ತರ: ತಂಗೀ, ಮೊದಲು ಬಡ್ಡಿ ಮಾತು ಬಿಡಿ. ಬಡ್ಡಿಗೆ ತರಬೇಡಿ.

ಅರ್ಧ ಕಟ್ಟಿದರೆ ಲೆಕ್ಕಕ್ಕೆ ಬರಲ್ಲ ಎಂದವರು ಯಾರೋ ಗೊತ್ತಿಲ್ಲ, ಆದರೆ ಆ ಮಾತು ಸುಳ್ಳು. ನಿಮ್ಮ ತಮ್ಮನ ಕೇಸು 2019ರದ್ದು, ಹಾಗಾಗಿ ಹಳೆಯ ಭಾರತೀಯ ದಂಡ ಸಂಹಿತೆಯೇ ಅನ್ವಯಿಸುತ್ತದೆ. ಅದರ 68ನೇ ಕಲಮಿನ ಪ್ರಕಾರ ದಂಡ ಕಟ್ಟಿದ ಕ್ಷಣಕ್ಕೆ ಈ ಹೆಚ್ಚುವರಿ ಸಜೆ ನಿಲ್ಲುತ್ತದೆ. 69ನೇ ಕಲಮು ಇನ್ನೂ ಉಪಯೋಗದ್ದು. ದಂಡದಲ್ಲಿ ಎಷ್ಟು ಭಾಗ ಕಟ್ಟಿದಿರೋ ಸಜೆಯಲ್ಲಿ ಅಷ್ಟು ಭಾಗ ಕಡಿಮೆ. ನಿಮ್ಮ ಲೆಕ್ಕವನ್ನೇ ಹಾಕೋಣ. 20,000ಕ್ಕೆ ಆರು ತಿಂಗಳು. 10,000 ಕಟ್ಟಿದರೆ ಉಳಿಯುವುದು 10,000, ಅಂದರೆ ಮೂರು ತಿಂಗಳ ಸಜೆ. ಒಂದು ತಿಂಗಳು ಆಗಲೇ ಕಳೆದಿದ್ದಾನೆ. ಇನ್ನು ಎರಡು ತಿಂಗಳಿಗೆ ಮನೆಗೆ ಬರುತ್ತಾನೆ, ಐದು ತಿಂಗಳಿಗಲ್ಲ. ಕಾನೂನಿನ ಪುಸ್ತಕದಲ್ಲೇ ಇಂಥದೊಂದು ಉದಾಹರಣೆ ಇದೆ: ನೂರು ರೂಪಾಯಿ ದಂಡ, ತಪ್ಪಿದರೆ ನಾಲ್ಕು ತಿಂಗಳು. ಮೊದಲ ತಿಂಗಳು ಮುಗಿಯುವುದರೊಳಗೆ 75 ರೂಪಾಯಿ ಬಂದರೆ ಆ ತಿಂಗಳು ಮುಗಿದ ಕೂಡಲೇ ಬಿಡಬೇಕು. 1860ರಿಂದ ಅಲ್ಲೇ ಅಚ್ಚಾಗಿ ಕೂತಿದೆ. ಆದರೂ ಜೈಲಿನ ಭೇಟಿ ಕೊಠಡಿಯ ಮುಂದೆ ಕಾಯುವ ಮನೆಯವರಲ್ಲಿ ಇದು ಗೊತ್ತಿರುವವರು ಸಿಗುವುದು ಅಪರೂಪ.

ಆದರೆ ಆ 10,000 ಇವತ್ತೇ ಕಟ್ಟಬೇಡಿ. ಇನ್ನೊಂದು ದಾರಿ ಇದೆ, ಮೊದಲು ಅದನ್ನು ನೋಡಿ.

ಕೇಂದ್ರ ಗೃಹ ಸಚಿವಾಲಯ 2023ರಲ್ಲಿ ಬಡ ಕೈದಿಗಳಿಗೆ ಅಂತಲೇ ಒಂದು ಯೋಜನೆ ತಂದಿದೆ. ದಂಡ ಕಟ್ಟಲಾಗದೆ ಒಳಗೇ ಉಳಿದವರಿಗೆ 25,000 ರೂಪಾಯಿವರೆಗೆ ಸರ್ಕಾರವೇ ಕೋರ್ಟಿಗೆ ಕಟ್ಟುತ್ತದೆ. ನಿಮ್ಮದು 20,000, ಮಿತಿಯ ಒಳಗೇ ಇದೆ. ಕ್ರಮ ಹೀಗಿದೆ: ಜೈಲಿನ ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಅದಕ್ಕೆ ಏಳು ದಿನ. ಕಾರ್ಯದರ್ಶಿ ಮನೆಯ ಪರಿಸ್ಥಿತಿ ವಿಚಾರಿಸಬೇಕು. ಅದಕ್ಕೂ ಏಳು ದಿನ. ಆಮೇಲೆ ಜಿಲ್ಲಾಧಿಕಾರಿಗಳ ಕಡೆಯಿಂದ ಹಣ ಬಿಡುಗಡೆಯಾಗಿ ಕೋರ್ಟಿಗೆ ಹೋಗುತ್ತದೆ. 25,000 ದಾಟಿದರೆ ಮಾತ್ರ ರಾಜ್ಯ ಮಟ್ಟದ ಸಮಿತಿ ಒಪ್ಪಬೇಕು.

ಕಾಗದದ ಮೇಲೆ ಇಷ್ಟು ಚೊಕ್ಕ. ನಿಜದಲ್ಲಿ ಯಾರಾದರೂ ಬೆನ್ನು ಹತ್ತದಿದ್ದರೆ ಫೈಲು ಏಳುವುದಿಲ್ಲ. ಹಾಗಾಗಿ ನೀವೇ ಒಂದು ಅರ್ಜಿ ಬರೆಯಿರಿ, ಬಿಳಿ ಹಾಳೆ ಸಾಕು. ತಮ್ಮನ ಹೆಸರು, ಕೈದಿ ನಂಬರು, ಯಾವ ಕೋರ್ಟು, ಕೇಸ್ ನಂಬರು, ದಂಡ ಎಷ್ಟು, ಮೂಲ ಸಜೆ ಯಾವತ್ತು ಮುಗಿಯಿತು. ಜೊತೆಗೆ ತೀರ್ಪಿನ ಕೊನೆಯ ಪುಟದ ಝೆರಾಕ್ಸ್, ಬಿಪಿಎಲ್ ಕಾರ್ಡು, ಆದಾಯ ಪ್ರಮಾಣಪತ್ರ. ಒಂದು ಪ್ರತಿ ಜೈಲಿಗೆ, ಒಂದು ಪ್ರಾಧಿಕಾರಕ್ಕೆ. ಎರಡಕ್ಕೂ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಸೀಲು ಇಲ್ಲದ ಅರ್ಜಿ ಕೊಟ್ಟಂತೆಯೇ ಅಲ್ಲ. ಪ್ರಾಧಿಕಾರದ ಕಚೇರಿ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುತ್ತದೆ. ದೂರ ಆಗುತ್ತೆ ಅಂದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ನೆರವಿನ ಸಹಾಯವಾಣಿ. ತಮ್ಮನೂ ಒಳಗಿನಿಂದಲೇ ಅರ್ಜಿ ಕೊಡಬಹುದು, ಜೈಲಿನಲ್ಲಿ ಕಾನೂನು ನೆರವಿನ ಕ್ಲಿನಿಕ್ ಇರುತ್ತದೆ. ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ.

ಮೂರು ವಾರ ನೋಡಿ. ಅಷ್ಟರಲ್ಲಿ ಏನೂ ಅಲುಗದಿದ್ದರೆ ನಿಮ್ಮ 10,000 ತೆಗೆದುಕೊಂಡು ಹೋಗಿ ಶಿಕ್ಷೆ ಕೊಟ್ಟ ಕೋರ್ಟಿನಲ್ಲಿ ಕಟ್ಟಿ, ರಸೀದಿ ಪಡೆಯಿರಿ. ಕಟ್ಟಿದ ವಿಷಯ ಕೋರ್ಟಿನಿಂದ ಜೈಲಿಗೆ ಬರವಣಿಗೆಯಲ್ಲಿ ಹೋಗಬೇಕು. ಅದು ಹೋಯಿತಾ ಇಲ್ಲವಾ ಎಂದು ಕೇಳಿಕೊಂಡೇ ಮನೆಗೆ ಹೊರಡಿ. ಆ ಪತ್ರ ಟೇಬಲ್ಲಿನ ಮೇಲೆ ಕೂತರೆ ನಿಮ್ಮ ತಮ್ಮ ಒಳಗೆ ಕೂತಿರುತ್ತಾನೆ.

ಇನ್ನು ಆ ನಾಲ್ಕು ತಿಂಗಳು. ವಿಚಾರಣೆಯ ಸಮಯದಲ್ಲಿ ಒಳಗಿದ್ದ ದಿನಗಳನ್ನು ಮೂಲ ಸಜೆಯಲ್ಲಿ ಕಳೆಯುತ್ತಾರೆ, ಇದಕ್ಕೆ ಸೆಟ್ ಆಫ್ ಎನ್ನುತ್ತಾರೆ. ದಂಡ ತಪ್ಪಿದ್ದಕ್ಕೆ ಕೊಡುವ ಸಜೆಯಲ್ಲಿ ಕಳೆಯಲು ಬರುವುದಿಲ್ಲ, ಕಾನೂನು ಅದನ್ನು ನೇರವಾಗಿಯೇ ಹೊರಗಿಟ್ಟಿದೆ. ಆದರೆ ಒಂದು ಕೆಲಸ ಮಾಡಿ. ಆ ನಾಲ್ಕು ತಿಂಗಳನ್ನು ಮೂರು ವರ್ಷದಲ್ಲಿ ನಿಜವಾಗಿ ಕಳೆದಿದ್ದಾರಾ ಅಂತ ಜೈಲಿನಲ್ಲಿ ಕೇಳಿ. ತೀರ್ಪಿನ ಕೊನೆಯಲ್ಲಿ ಸೆಟ್ ಆಫ್ ಬಗ್ಗೆ ಒಂದು ಸಾಲು ಇರುತ್ತದೆ. ಕಳೆದಿಲ್ಲ ಅಂತಾದರೆ ಅವನ ಮೂರು ವರ್ಷದ ಸಜೆ ನಾಲ್ಕು ತಿಂಗಳು ಮುಂಚೆಯೇ ಮುಗಿದಿರಬೇಕಿತ್ತು. ಆಗ ದಂಡದ ಸಜೆಯಲ್ಲಿ ಐದು ತಿಂಗಳು ಆಗಿಹೋಗಿದೆ ಎಂದರ್ಥ. ಪೂರ್ತಿ ಲೆಕ್ಕವೇ ಬದಲಾಗುತ್ತದೆ, ನಿಮ್ಮ 10,000ವೂ ಉಳಿಯುತ್ತದೆ. ಅರ್ಜಿ ಬರೆಯುವುದಕ್ಕೂ ಮುಂಚೆ ಇದನ್ನು ವಿಚಾರಿಸಿ.

ಉತಾರದ ಭಯಕ್ಕೆ ಬರೋಣ. ಕಟ್ಟದ ದಂಡವನ್ನು ಕಂದಾಯ ಬಾಕಿಯ ಹಾಗೆ ವಸೂಲು ಮಾಡಲು ಕೋರ್ಟು ಜಿಲ್ಲಾಧಿಕಾರಿಗೆ ವಾರಂಟ್ ಕಳಿಸಬಹುದು, ಅದು ಖರೆ. ಆದರೆ ದಂಡದ ಬದಲು ಪೂರ್ತಿ ಸಜೆ ಅನುಭವಿಸಿದವರ ಮೇಲೆ ಸುಮ್ನೆ ಹಾಗೆ ವಾರಂಟ್ ಹೊರಡಿಸುವಂತಿಲ್ಲ. ವಿಶೇಷ ಕಾರಣ ಇದ್ದರೆ ಅದನ್ನು ಬರೆದೇ ಹೊರಡಿಸಬೇಕು. ಇದಕ್ಕೊಂದು ಅಪವಾದ ಇದೆ. ಗಾಯವಾದವರಿಗೆ ದಂಡದಲ್ಲಿ ಇಷ್ಟು ಪರಿಹಾರ ಕೊಡಿ ಎಂದು ತೀರ್ಪಿನಲ್ಲಿ ಬರೆದಿದ್ದರೆ, ಸಜೆ ಮುಗಿಸಿದರೂ ವಸೂಲಿಗೆ ದಾರಿ ತೆರೆದೇ ಇರುತ್ತದೆ. ಅದೇ ಕೊನೆಯ ಪುಟವನ್ನು ಇನ್ನೊಮ್ಮೆ ಓದಿ, ಇಲ್ಲವೇ ಓದಿಸಿ.

ಪ್ರಶ್ನೆ: ಮೇಡಂ, ನಾನು ಹೊಲಿಗೆ ಕೆಲಸ ಮಾಡುತ್ತೇನೆ. ಮನೆಯವರು ತೀರಿಕೊಂಡಿದ್ದಾರೆ. ಸ್ಕೂಟರ್ ನನ್ನ ಹೆಸರಿನಲ್ಲಿದೆ. ನನ್ನ 16 ವರ್ಷದ ಮಗ ಅದನ್ನು ಓಡಿಸಿ ಪೊಲೀಸರ ಕೈಗೆ ಸಿಕ್ಕ. ಈಗ ನನಗೆ ಸಮನ್ಸ್ ಬಂದಿದೆ. 25,000 ದಂಡ ಹಾಕ್ತಾರೆ, ಕಟ್ಟದಿದ್ದರೆ ಅವತ್ತೇ ಒಳಗೆ ಕಳಿಸ್ತಾರೆ ಅಂತ ಎಲ್ಲರೂ ಹೇಳ್ತಾರೆ. ತಪ್ಪು ಒಪ್ಪಿಕೊಂಡರೆ ಕಡಿಮೆ ಆಗುತ್ತಾ? ಅವನು ಗಾಡಿ ಒಯ್ದಾಗ ನಾನು ಮನೆಯಲ್ಲೇ ಇರಲಿಲ್ಲ.
— ರಾಣೆಬೆನ್ನೂರಿನ ಓದುಗರು

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ, ನೀವು ಅದನ್ನು ಕೊನೆಗೆ ಬರೆದಿದ್ದೀರಿ.

ಇಂಥ ಕೇಸು ಕೋರ್ಟಿನಲ್ಲಿ ಹೇಗೆ ನಡೆಯುತ್ತದೆ ಹೇಳುತ್ತೇನೆ. ಹೆಸರು ಕೂಗುತ್ತಾರೆ. ತಾಯಿಯೋ ತಂದೆಯೋ ಹೋಗಿ ಕೈ ಮುಗಿದು ನಿಲ್ಲುತ್ತಾರೆ. ಆರೋಪ ಓದಿ ಹೇಳಿ, ತಪ್ಪು ಒಪ್ಪುತ್ತೀರಾ ಎಂದು ಸಾಹೇಬರು ಕೇಳುತ್ತಾರೆ. ಹೂಂ ಸರ್ ಎಂದುಬಿಡುತ್ತಾರೆ, ಬೇಗ ಮುಗಿದರೆ ಸಾಕು ಅಂತ. ಮೊತ್ತ ಕೇಳಿದ ಮೇಲೆ ಮುಖ ಬಿಳುಚುತ್ತದೆ. ಪೇದೆ ಪಕ್ಕಕ್ಕೆ ಕರೆದು ನಿಲ್ಲಿಸುತ್ತಾನೆ. ಆಮೇಲೆ ಕಾರಿಡಾರಿನಲ್ಲಿ ಫೋನುಗಳು ಶುರು: ಅಣ್ಣನಿಗೆ, ಸಂಘದ ಅಧ್ಯಕ್ಷೆಗೆ, ಬಟ್ಟೆ ಅಂಗಡಿ ಮಾಲೀಕರಿಗೆ. ಒಬ್ಬಾಕೆ ಅಡಿಕೆ ಸಂಚಿಯಿಂದ ನೋಟು ತೆಗೆದು ಕಟ್ಟೆಯ ಮೇಲೆ ಇಟ್ಟು ಎಣಿಸುತ್ತಿದ್ದರು. ನೂರರ ನೋಟುಗಳ ನಡುವೆ ಮನೆ ಬಾಡಿಗೆಯ ಚೀಟಿ ಇತ್ತು. ಅದನ್ನು ಮತ್ತೆ ಮಡಚಿ ಸಂಚಿಗೆ ಹಾಕಿಕೊಂಡು, ಬೆಂಚ್ ಕ್ಲರ್ಕ್ ಎಷ್ಟು ಗಂಟೆಯವರೆಗೆ ದುಡ್ಡು ತಗೋತಾರೆ ಅಂತ ನನ್ನನ್ನು ಕೇಳಿದರು. ದಂಡ ಕಟ್ಟಲು ಸಮಯ ಕೊಡಿ ಎಂದು ಆಕೆ ಒಳಗೆ ಒಂದು ಮಾತು ಕೇಳಿದ್ದರೆ ಅಷ್ಟೂ ಓಡಾಟ ತಪ್ಪುತ್ತಿತ್ತು.

ಕೇಳುವುದಕ್ಕೆ ಕಾನೂನಿನಲ್ಲೇ ಜಾಗ ಇದೆ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನಿನ, 464ನೇ ಕಲಮು. ಬರೀ ದಂಡ ವಿಧಿಸಿ, ಕಟ್ಟದಿದ್ದರೆ ಸಜೆ ಎಂದು ಹೇಳಿದಾಗ ಕೋರ್ಟು 30 ದಿನದವರೆಗೆ ಸಮಯ ಕೊಡಬಹುದು. ಇಲ್ಲವೇ ಎರಡು ಅಥವಾ ಮೂರು ಕಂತು ಮಾಡಬಹುದು. ಮೊದಲ ಕಂತು 30 ದಿನದೊಳಗೆ, ಉಳಿದವು 30 ದಿನಕ್ಕೆ ಮೀರದ ಅಂತರದಲ್ಲಿ. ಬಾಂಡ್ ಬರೆಸಿಕೊಂಡು ಮನೆಗೆ ಕಳಿಸುತ್ತಾರೆ, ಶೂರಿಟಿ ಕೇಳಿದರೂ ಕೇಳಬಹುದು. 25,000ವನ್ನು ಮೂರು ಪಾಲು ಮಾಡಿದರೆ ತಿಂಗಳಿಗೆ ಎಂಟು ಸಾವಿರದ ಮೇಲೆ ಬೀಳುತ್ತದೆ. ಅದೂ ಹೊಲಿಗೆ ದುಡಿಮೆಗೆ ಭಾರವೇ, ಆದರೆ ಒಂದೇ ದಿನಕ್ಕೆ 25,000 ಹುಡುಕುವುದಕ್ಕಿಂತ ವಾಸಿ. ಕೊಡಲೇಬೇಕು ಅಂತ ಇಲ್ಲ, ಕೊಡಬಹುದು ಅಂತ ಇದೆ. ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ.

ಆದರೆ ನಿಮ್ಮ ಕೇಸಿನಲ್ಲಿ ಅಲ್ಲಿಯವರೆಗೆ ಹೋಗುವ ಮುಂಚೆ ಯೋಚನೆ ಮಾಡುವುದಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಮು ಪಾಲಕರನ್ನೂ ಗಾಡಿ ಮಾಲೀಕರನ್ನೂ ಹೊಣೆ ಮಾಡುತ್ತದೆ. 25,000 ದಂಡದ ಜೊತೆಗೆ ಮೂರು ವರ್ಷದವರೆಗೆ ಸಜೆಗೂ ಅವಕಾಶ ಇದೆ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ: ನನಗೆ ಗೊತ್ತಿಲ್ಲದೆ ಆಯಿತು, ಇಲ್ಲವೇ ಆಗದಂತೆ ನೋಡಿಕೊಳ್ಳಲು ನನ್ನ ಕೈಲಾದ ಎಚ್ಚರ ವಹಿಸಿದ್ದೆ ಎಂದು ಪಾಲಕರು ತೋರಿಸಿದರೆ ಹೊಣೆ ಬರುವುದಿಲ್ಲ. ತೋರಿಸುವ ಭಾರ ನಿಮ್ಮದು, ಏಕೆಂದರೆ ಪಾಲಕರು ಒಪ್ಪಿಯೇ ಕೊಟ್ಟಿದ್ದಾರೆ ಎಂದು ಕಾನೂನು ಮೊದಲೇ ಊಹಿಸಿಕೊಂಡಿರುತ್ತದೆ. ನೀವು ಅವತ್ತು ಎಲ್ಲಿದ್ದಿರಿ, ಕೀಲಿ ಎಲ್ಲಿಟ್ಟಿದ್ದಿರಿ, ಮುಂಚೆ ಯಾವತ್ತಾದರೂ ಓಡಿಸಲು ಬಿಟ್ಟಿದ್ದಿರಾ ಎಲ್ಲವೂ ಬರುತ್ತದೆ. ಸಂತೆಗೆ ಹೋಗಿ ಬಾ ಅಂತ ನೀವೇ ಕೀಲಿ ಕೊಡುತ್ತಿದ್ದರೆ ಈ ದಾರಿ ಬೇಡ, ನಿಜ ಹೇಳಿ ಕಂತು ಕೇಳಿ. ನಿಜಕ್ಕೂ ಗೊತ್ತಿರಲಿಲ್ಲ ಅಂದರೆ ಹೂಂ ಸರ್ ಅನ್ನುವ ಮುಂಚೆ ವಕೀಲರನ್ನು ಕಾಣಿರಿ. ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಕಲಮು ಹೇಳುತ್ತದೆ. ರಾಣೆಬೆನ್ನೂರು ಕೋರ್ಟಿನಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಸಮನ್ಸ್ ತಾರೀಖಿಗೆ ಮಾತ್ರ ತಪ್ಪಿಸಬೇಡಿ, ತಪ್ಪಿಸಿದರೆ ವಾರಂಟ್ ಆಗುತ್ತದೆ.

ಪ್ರಶ್ನೆ: ರೊಕ್ಕ ಇಲ್ಲ ಅಂದವರನ್ನೆಲ್ಲ ಬಿಡುತ್ತಾ ಹೋದರೆ ದಂಡಕ್ಕೆ ಏನು ಬೆಲೆ ಉಳಿಯಿತು? ತಪ್ಪು ಮಾಡುವಾಗ ಇಲ್ಲದ ಬಡತನ ದಂಡ ಕಟ್ಟುವಾಗ ಯಾಕೆ ಬರುತ್ತದೆ? ನೀವು ವಕೀಲರು ಎಲ್ಲದಕ್ಕೂ ಒಂದು ಸಂದಿ ಹುಡುಕುತ್ತೀರಿ.
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಮಾಸ್ತರೇ, ಸಂದಿ ಹುಡುಕುವುದೇ ನಮ್ಮ ಕಸುಬು, ಆ ಮಾತಿಗೆ ಬೇಜಾರಿಲ್ಲ.

ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಇದ್ದವರಿಂದ ವಸೂಲು ಮಾಡಲು ಕೋರ್ಟಿನ ಕೈಯಲ್ಲಿ ಜಪ್ತಿ ಇದೆ, ಹರಾಜು ಇದೆ, ಕಂದಾಯ ಬಾಕಿಯ ದಾರಿ ಇದೆ. ಇದ್ದೂ ಕಟ್ಟದವನ ಮೇಲೆ ಅವನ್ನೆಲ್ಲ ಧಾರಾಳವಾಗಿ ಬಳಸಲಿ. ನನ್ನ ತಕರಾರು ಬೇರೆ. ಒಂದೇ ಜಗಳ, ಒಂದೇ ಕಲಮು, ಇಬ್ಬರಿಗೂ ಐದೈದು ಸಾವಿರ ದಂಡ, ತಪ್ಪಿದರೆ ಎರಡು ತಿಂಗಳು. ಅಂಗಡಿ ಇಟ್ಟವನು ಜೇಬಿನಿಂದ ತೆಗೆದು ಕೊಟ್ಟು ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುತ್ತಾನೆ. ಎಪಿಎಂಸಿಯಲ್ಲಿ ಚೀಲ ಹೊರುವವನು ಸಂಜೆ ವ್ಯಾನು ಹತ್ತುತ್ತಾನೆ. ಇಬ್ಬರ ತಪ್ಪೂ ಒಂದೇ. ಶಿಕ್ಷೆಯೂ ಒಂದೇ ಅಂತ ತೀರ್ಪಿನಲ್ಲಿ ಬರೆದಿರುತ್ತದೆ. ಇನ್ನೊಂದು ವಿಚಿತ್ರ ನೋಡಿ. ಬರೀ ದಂಡಕ್ಕೆ ಅರ್ಹವಾದ ಸಣ್ಣ ತಪ್ಪುಗಳಲ್ಲಿ ಕೊಡುವುದು ಸಾದಾ ಸಜೆ. ಅದರಲ್ಲಿ ಕಡ್ಡಾಯ ಕೆಲಸ ಇಲ್ಲ. ದುಡಿದು ದಂಡ ತೀರಿಸಬೇಕಾದವನನ್ನು ದುಡಿಯದ ಹಾಗೆ ಕೂಡಿಸಿ, ಅವನಿಗೆ ಊಟ ಹಾಕಿ ಕಾವಲು ಕಾಯುವುದು ಯಾವ ಲೆಕ್ಕ?

ಸುಪ್ರೀಂ ಕೋರ್ಟೂ ಇದನ್ನು ಗಮನಿಸಿದೆ. 2007ರಲ್ಲಿ ಶಾಂತಿಲಾಲ್ ಎಂಬ ಮಧ್ಯಪ್ರದೇಶದವನ ಮೇಲ್ಮನವಿ. ಮಾದಕ ವಸ್ತು ಕೇಸು, ಹತ್ತು ವರ್ಷ ಸಜೆ, ಒಂದು ಲಕ್ಷ ದಂಡ, ತಪ್ಪಿದರೆ ಇನ್ನೂ ಮೂರು ವರ್ಷ. ದಂಡ ತಪ್ಪಿದ್ದಕ್ಕೆ ಬರುವ ಜೈಲುವಾಸ ಅಪರಾಧದ ಶಿಕ್ಷೆ ಅಲ್ಲ, ಕಟ್ಟದೇ ಇದ್ದದ್ದರ ಪರಿಣಾಮ ಎಂದು ಕೋರ್ಟು ಹೇಳಿತು. ಆರೋಪಿಯ ಹಣಕಾಸಿನ ಸ್ಥಿತಿ, ಅಪರಾಧದ ತೂಕ ಎಲ್ಲ ನೋಡಿಯೇ ಅದನ್ನು ಗೊತ್ತುಮಾಡಬೇಕು ಎಂದಿತು. ಆತ ಕಡುಬಡವ, ಬರೀ ಸಾಗಿಸುವವನು, ಮೊದಲ ತಪ್ಪು. ಹತ್ತು ವರ್ಷ ಹಾಗೇ ಉಳಿಯಿತು, ಮೂರು ವರ್ಷ ಆರು ತಿಂಗಳಾಯಿತು. ಇದನ್ನು ಸಂದಿ ಅನ್ನುತ್ತೀರಾ?

ಹಳೆಯ ದಂಡ ಸಂಹಿತೆಯಲ್ಲಿ, ಬರೀ ದಂಡದ ತಪ್ಪುಗಳಿಗೆ, 50 ರೂಪಾಯಿವರೆಗಿನ ದಂಡಕ್ಕೆ ಎರಡು ತಿಂಗಳು, 100 ರೂಪಾಯಿವರೆಗೆ ನಾಲ್ಕು ತಿಂಗಳು, ಅದಕ್ಕಿಂತ ಜಾಸ್ತಿಯಾದರೆ ಆರು ತಿಂಗಳು ಎಂಬ ಮಿತಿ ಇತ್ತು. 1860ರ ರೂಪಾಯಿ ಅದು. 2024ರ ಜುಲೈ 1ಕ್ಕೆ ಅದರ ಜಾಗಕ್ಕೆ ನ್ಯಾಯ ಸಂಹಿತೆ ಬಂದಾಗ 5,000ದವರೆಗೆ ಎರಡು ತಿಂಗಳು, 10,000ದವರೆಗೆ ನಾಲ್ಕು ತಿಂಗಳು ಎಂದಾಯಿತು. ಇಷ್ಟಕ್ಕೆ ಯಾರೂ ಬೇಡ ಅನ್ನಲ್ಲ. ಆದರೆ ಅದೇ ಸಾಲಿನಲ್ಲಿ ಮೇಲಿನ ಮಿತಿ ಆರು ತಿಂಗಳಿದ್ದದ್ದು ಒಂದು ವರ್ಷ ಆಗಿಬಿಟ್ಟಿದೆ. ಬರೀ ದಂಡದ ತಪ್ಪಿಗೆ, ಕಟ್ಟಲಾಗದಿದ್ದರೆ ಒಂದು ವರ್ಷ. ನಮ್ಮ ಬಾರ್ ರೂಮಿನಲ್ಲಿ ಹೊಸ ಕಲಮು ನಂಬರು ಬಾಯಿಪಾಠ ಮಾಡುವುದರ ಮೇಲೆ ಇದ್ದಷ್ಟು ಮಾತು ಇದರ ಮೇಲೆ ಆಗಲಿಲ್ಲ. ನನಗೆ ಅದು ಇವತ್ತಿಗೂ ಸಿಟ್ಟು ಬರಿಸುತ್ತದೆ.

ಪ್ರಶ್ನೆ: ಅಕ್ಕಾರೆ, ಸಂಘದ ಮೂಲಕ ಫೈನಾನ್ಸಿನಿಂದ 40,000 ಸಾಲ ತೆಗೆದಿದ್ದೆ. ಮೂರು ವಾರದ ಕಂತು ಬಾಕಿ ಆಗಿದೆ. ವಸೂಲಿಗೆ ಬರುವ ಹುಡುಗ ಕಟ್ಟೆ ಮೇಲೆ ಕೂತು, ಕಟ್ಟದಿದ್ದರೆ ಹಾವೇರಿ ಜೈಲಿಗೆ ಕಳಿಸ್ತೀವಿ ಅಂತ ಓಣಿಯವರ ಮುಂದೆ ಹೇಳ್ತಾನೆ. ಕಳಿಸಬಹುದಾ?
— ಸವಣೂರಿನ ಓದುಗರು

ಉತ್ತರ: ಇಲ್ಲ.

ಸಾಲ ಬೇರೆ, ಕೋರ್ಟು ಹಾಕಿದ ದಂಡ ಬೇರೆ. ಸಾಲದ ಕಂತು ತಪ್ಪುವುದು ಅಪರಾಧವಲ್ಲ. ಅವರು ಸಿವಿಲ್ ದಾವೆ ಹಾಕಬೇಕು, ಡಿಕ್ರಿ, ಅಂದರೆ ಹಣ ಕೊಡಿ ಎಂಬ ಸಿವಿಲ್ ಕೋರ್ಟಿನ ಆದೇಶ, ಪಡೆಯಬೇಕು. ಡಿಕ್ರಿ ಬಂದ ಮೇಲೂ ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಮು, ಆ ಹುಡುಗನಿಗೆ ನಂಬರು ಹೇಳಿ. ಗಂಡಸರ ವಿಷಯದಲ್ಲೂ 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಕೇಸಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಹೇಳಿದ್ದಾರೆ: ಕೈಯಲ್ಲಿ ಇದ್ದೂ ಕೊಡದ ದುರುದ್ದೇಶ ಇರಬೇಕು, ಬರೀ ಬಡತನಕ್ಕಾಗಿ ಸಾಲಗಾರನನ್ನು ಸೆರೆಗೆ ಹಾಕುವಂತಿಲ್ಲ. ಇನ್ನೊಂದು ತಮಾಷೆ, ಸಾಲಗಾರನನ್ನು ಸಿವಿಲ್ ಜೈಲಿಗೆ ಹಾಕಿಸಿದರೆ ಅವನ ಊಟದ ಖರ್ಚು ಸಾಲ ಕೊಟ್ಟವನೇ ಕಟ್ಟಬೇಕು.

ಒಂದೇ ಎಚ್ಚರಿಕೆ. ಸಾಲ ಕೊಡುವಾಗ ಸಹಿ ಮಾಡಿದ ಚೆಕ್ ತೆಗೆದುಕೊಂಡಿದ್ದಾರಾ, ಇಲ್ಲವೇ ಖಾತೆಯಿಂದ ತಾನಾಗಿ ಕಂತು ಕಡಿತವಾಗುವ ಫಾರ್ಮಿಗೆ ಸಹಿ ಹಾಕಿಸಿಕೊಂಡಿದ್ದಾರಾ ನೋಡಿಕೊಳ್ಳಿ. ಚೆಕ್ ಬೌನ್ಸ್ ಆದರೂ, ಆ ಕಡಿತ ಖಾತೆಯಲ್ಲಿ ದುಡ್ಡಿಲ್ಲದೆ ವಾಪಸಾದರೂ ಕ್ರಿಮಿನಲ್ ಕೇಸು ಹಾಕಲು ಬರುತ್ತದೆ. ಅದಕ್ಕೂ ಮೊದಲು ನೋಟಿಸ್ ಬರಬೇಕು. ನೋಟಿಸ್ ಬಂದರೆ ಒಡೆಯದೆ ಇಡಬೇಡಿ.

ಓಣಿಯವರ ಮುಂದೆ ಮರ್ಯಾದೆ ತೆಗೆಯುವ ಕೆಲಸಕ್ಕೆ ಈಗ ಕಾನೂನು ಇದೆ. ಸಣ್ಣ ಸಾಲಗಳ ವಸೂಲಿಗೆ ಹೆದರಿಸುವುದು, ಕಿರುಕುಳ ಕೊಡುವುದನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. 10 ವರ್ಷದವರೆಗೆ ಸಜೆ, 5 ಲಕ್ಷದವರೆಗೆ ದಂಡ. ಮುಂದಿನ ಸಲ ಅವನು ಕಟ್ಟೆ ಮೇಲೆ ಕೂತಾಗ ಪಕ್ಕದ ಮನೆಯವರಿಗೆ ಮೊಬೈಲಿನಲ್ಲಿ ವಿಡಿಯೋ ಮಾಡಲು ಹೇಳಿ, ಠಾಣೆಗೆ ಬರವಣಿಗೆಯಲ್ಲಿ ದೂರು ಕೊಡಿ. ಇದರಿಂದ ಸಾಲ ಮಾಫಿ ಆಗುತ್ತೆ ಅಂತ ಮಾತ್ರ ತಿಳಿಯಬೇಡಿ. ಕಂತು ಮುಂದೂಡಲು ಕಚೇರಿಗೆ ಪತ್ರ ಬರೆಯಿರಿ.

ಪ್ರಶ್ನೆ: ನನ್ನ ಅಂಗಡಿಯಿಂದ ಮಾಲು ಒಯ್ದವನು ಕೊಟ್ಟ ಚೆಕ್ ಬೌನ್ಸ್ ಆಯಿತು. ಕೋರ್ಟು ನನಗೆ ಮೂರು ಲಕ್ಷ ಪರಿಹಾರ ಕೊಡಲು ಹೇಳಿ, ತಪ್ಪಿದರೆ ಆರು ತಿಂಗಳು ಎಂದಿತ್ತು. ಅವನು ಆರು ತಿಂಗಳು ಜೈಲು ಮುಗಿಸಿ ಬಂದು, ಲೆಕ್ಕ ಚುಕ್ತಾ ಆಯ್ತು ಅಂತ ಎದುರಿಗೇ ನಗ್ತಾನೆ.
— ವ್ಯಾಪಾರಸ್ಥರು, ಹುಬ್ಬಳ್ಳಿ

ಉತ್ತರ: ನಗಲಿ ಬಿಡಿ, ಚುಕ್ತಾ ಆಗಿಲ್ಲ. ಪರಿಹಾರದ ಹಣ ಜೈಲಿಗೆ ಹೋಗಿ ಬಂದ ಮಾತ್ರಕ್ಕೆ ತೀರುವುದಿಲ್ಲ ಎಂದು 2017ರಲ್ಲಿ ಕುಮಾರನ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿದೆ. ಶಿಕ್ಷೆ ಕೊಟ್ಟ ಕೋರ್ಟಿನಲ್ಲೇ ವಸೂಲಿ ವಾರಂಟ್ ಕೇಳಿ ಅರ್ಜಿ ಹಾಕಿ. ಅವನ ಹೆಸರಿನಲ್ಲಿ ಏನೇನಿದೆ ಎಂಬ ಪಟ್ಟಿ ನೀವೇ ಕೊಟ್ಟರೆ ಕೆಲಸ ಬೇಗ ಆಗುತ್ತದೆ.

ಇದೇ ಪ್ರಶ್ನೆಯನ್ನು ಶಿರಹಟ್ಟಿಯ ಹೆಣ್ಣುಮಗಳೊಬ್ಬರು ಜೀವನಾಂಶದ ಬಗ್ಗೆ ಕೇಳಿದ್ದಾರೆ. ಅಲ್ಲೂ ಹಾಗೇ ಅಮ್ಮ. ಗಂಡ ಒಂದು ತಿಂಗಳು ಒಳಗಿದ್ದು ಬಂದರೂ ಬಾಕಿ ಬಾಕಿಯೇ. 1989ರ ಕುಲದೀಪ್ ಕೌರ್ ತೀರ್ಪು ನಿಮ್ಮ ವಕೀಲರಿಗೆ ಹೇಳಿ.

ಪ್ರಶ್ನೆ: ಹೊಸ ಕಾನೂನಿನಲ್ಲಿ ಕಸ ಗುಡಿಸಿದರೆ, ಗಿಡ ನೆಟ್ಟರೆ ದಂಡ ಕಟ್ಟೋದು ಬೇಡ ಅಂತೆ, ಹೌದಾ? ನನ್ನ ಬೈಕಿನ ಮೇಲೆ ಹೆಲ್ಮೆಟ್ ದಂಡ ತುಂಬಾ ಇದೆ.
— ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಸಮುದಾಯ ಸೇವೆ ಎಂಬ ಶಿಕ್ಷೆ ಬಂದಿರುವುದು ನಿಜ. ಆದರೆ ನ್ಯಾಯ ಸಂಹಿತೆಯಲ್ಲಿ ಅದು ಇರುವುದು ಆರು ತಪ್ಪುಗಳಿಗೆ ಮಾತ್ರ. ಮೊದಲ ಸಲ 5,000ಕ್ಕಿಂತ ಕಡಿಮೆ ಬೆಲೆಯದ್ದನ್ನು ಕದ್ದು ವಾಪಸು ಕೊಟ್ಟವರಿಗೆ, ಕುಡಿದು ಬೀದಿಯಲ್ಲಿ ಗಲಾಟೆ ಮಾಡಿದವರಿಗೆ, ಮಾನನಷ್ಟಕ್ಕೆ, ಹೀಗೆ. ಆ ಪಟ್ಟಿಯಲ್ಲಿ ಹೆಲ್ಮೆಟ್ ಇಲ್ಲ. ಸರ್ಕಾರ ಆಗಾಗ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಬಿಡುತ್ತದೆ, ಪೇಪರ್ ನೋಡುತ್ತಿರಿ. ಹೆಲ್ಮೆಟ್ ಮಾತ್ರ ಇವತ್ತೇ ಕೊಳ್ಳಿ, ಐಎಸ್‌ಐ ಗುರುತು ಇರುವುದನ್ನು.